ಹೆಸರು ಬಿಡದ ಫೋನು

ಚಂದ್ರಬಂಡದಿಂದ ರಾಯಚೂರಿಗೆ ಎಷ್ಟು ಸಲ ಬಸ್ಸು ಹತ್ತಿದ್ದೇನೋ ಲೆಕ್ಕವಿಲ್ಲ. ಸತ್ತ ಫೋನೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದದ್ದು ಮಾತ್ರ ಒಂದೇ ಸಲ.

ಫೋನು ಭಾವನದು. ಹತ್ತಿ ಹೇರಿದ ಟ್ರ್ಯಾಕ್ಟರಿನ ಮೇಲಿಂದ ಜಾರಿ ಕಲ್ಲಿನ ಮೇಲೆ ಬಿದ್ದಿತ್ತು. ಊರಿನ ಹೆಸರಿನಲ್ಲೇ ಬಂಡೆ ಇದ್ದ ಮೇಲೆ ಮತ್ತೆಲ್ಲಿ ಬಿದ್ದೀತು! ಗಾಜೆಲ್ಲ ಜೇಡರ ಬಲೆ, ಕೆಳಗಿನ ಅರ್ಧ ಕಪ್ಪು, ಬೆರಳಿಟ್ಟರೆ ಮಿಸುಕದು. ಅದೇ ಹೊತ್ತಿಗೆ ಓಣಿಯಲ್ಲಿ ಗಾಡಿಯವನ ಕೂಗು: ‘ಹಳೇ ಮೊಬೈಲ್ ಕೊಡ್ರೀ, ಬಕೀಟ್ ತಗೋರೀ.’ ಅಕ್ಕ ಆಗಲೇ ನೀಲಿ ಬಕೀಟಿನ ಮೇಲೆ ಕೈಯಿಟ್ಟಿದ್ದಳು. ನಾನು ಅಡ್ಡ ಹಾಕಿದೆ. ಗಡಿಯಾಚೆ ತೆಲಂಗಾಣದ ರಾಮಗುಂಡಂ ಪೊಲೀಸರು 2024ರಲ್ಲಿ, ಹೀಗೇ ಊರೂರು ಸುತ್ತಿ ಕೂಡಿಹಾಕಿದ ಸುಮಾರು 4,000 ಹಳೆ ಫೋನು ಹಿಡಿದಿದ್ದರು. ಜಾಮ್ತಾರಾ ಕಡೆಯ ಸೈಬರ್ ವಂಚಕರಿಗೆ ಹೊರಟ ಮಾಲು ಅದು ಎಂದು ಅವರ ಹೇಳಿಕೆ. ಎಲ್ಲ ಗಾಡಿಯವರೂ ಅಂಥವರಲ್ಲ, ಗೊತ್ತು. ಆದರೂ ಭಾವನ ಬ್ಯಾಂಕು, ಫೋಟೋ, ಅರ್ಧ ಊರಿನ ನಂಬರು ಅದರೊಳಗೇ ಇದ್ದವು.

‘ತಮ್ಮ ಬಂದ, ನನ್ನ ಬಕೀಟು ಹೋತು’ ಎಂದು ಅಕ್ಕ ಒಳಗೆ ಹೋದಳು.

ಫೋನು ಮಾರಲೆಂದು ಭಾವನೂ ನಾನೂ ಹೋದದ್ದು ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಒಂದು ಗಲ್ಲಿಗೆ. ಅಂಗಡಿಯೆಂದರೆ ಎರಡು ಮಂಚದಷ್ಟು ಜಾಗ. ರಿಪೇರಿ ಹುಡುಗನಿಗೆ ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಫೋನನ್ನು ತಿರುಗಿಸಿ ನೋಡಿದವನೇ ಗಾಜಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

‘ಅಕೌಂಟ್ ತೆಗದೀರೇನ್ರಿ, ಕಾಕಾ?’

ಭಾವ ನನ್ನ ಮುಖ ನೋಡಿದ. ಹುಡುಗನೇ ಮುಂದುವರಿಸಿದ: ‘ಲಾಕ್ ಇದ್ರ ನಾಕ್ನೂರು. ಬಿಚ್ಚಿಕೊಟ್ರ ಹನ್ನೊಂದ್ನೂರು. ಬೋರ್ಡ್ ಛಲೋ ಐತಿ, ಆದ್ರ ನಿಮ್ಮ ಹೆಸರು ಅದಕ್ಕ ಅಂಟ್ಕೊಂಡೈತ್ರಿ.’

ಬಟನ್ ಒತ್ತಿ ಹಿಡಿದು ಎಲ್ಲ ಅಳಿಸಿಬಿಟ್ಟರಾಯಿತಲ್ಲ ಎಂದೆ. ಹುಡುಗ ನಕ್ಕ. 2015ರ ಆಂಡ್ರಾಯ್ಡ್ 5.1ರಿಂದ ಆ ಆಟ ನಡೆಯುವುದಿಲ್ಲ. ಹಾಗೆ ಅಳಿಸಿದರೆ ಫೋಟೋ ಹೋಗುತ್ತದೆ, ಆ್ಯಪ್ ಹೋಗುತ್ತದೆ. ಯಾರ ಗೂಗಲ್ ಖಾತೆ ಎಂಬ ಗುರುತು ಮಾತ್ರ ಬೇರೆಯದೇ ಒಂದು ಮೂಲೆಯಲ್ಲಿ ಕೂತಿರುತ್ತದೆ. ಮತ್ತೆ ಚಾಲೂ ಮಾಡಿದರೆ ಹಳೆಯ ಧಣಿಯನ್ನೇ ಕೇಳುತ್ತದೆ. ಕದ್ದವನಿಗೆ ದಕ್ಕದಿರಲಿ ಎಂದು ಮಾಡಿದ ಏರ್ಪಾಡು. ಐಫೋನಿಗೆ 2013ರಿಂದಲೇ ಇಂಥ ಬೀಗವಿದೆ. ಅದನ್ನಾದರೆ ಮನೆಯಲ್ಲಿ ಕೂತು ಬೇರೆ ಫೋನಿನಿಂದಲೇ ಖಾತೆಯಿಂದ ಬಿಡಿಸಬಹುದಂತೆ. 2024ರಲ್ಲಿ ಬಂದ ಐಓಎಸ್ 18ರಿಂದ ಬೀಗ ಬಿಡಿಭಾಗಗಳಿಗೂ ಇಳಿದಿದೆ, ಕಿತ್ತ ಬ್ಯಾಟರಿ, ಕ್ಯಾಮೆರಾ ಕೂಡ ಧಣಿಯನ್ನು ಮರೆಯುವುದಿಲ್ಲ. ನಮ್ಮ ಕಡೆ ಮಾರಿದ ಎತ್ತು ಹಗ್ಗ ಹರಿದುಕೊಂಡು ಹಳೆ ಮನೆಗೆ ಬರುವುದುಂಟು. ಎತ್ತಿನ ಕೊಂಬು ಬರುವುದನ್ನು ಯಾರೂ ಕಂಡಿರಲಿಕ್ಕಿಲ್ಲ.

ಸ್ಪರ್ಶವೇ ಸತ್ತ ಫೋನಿನಲ್ಲಿ ಖಾತೆ ತೆಗೆಯುವುದು ಹೇಗೆ? ಹುಡುಗ ಗಲ್ಲೆಯಿಂದ ಗೇಣುದ್ದದ ಓಟಿಜಿ ಕೇಬಲ್ ತೆಗೆದ, ಅದಕ್ಕೆ ಕಂಪ್ಯೂಟರಿನ ಮೌಸ್ ಸಿಕ್ಕಿಸಿದ. ಒಡೆದ ಗಾಜಿನ ಬಿರುಕುಗಳ ನಡುವೆ ಸಣ್ಣದೊಂದು ಬಾಣ ಎದ್ದು ನಿಂತಿತು! ನಾನು ಬಾಯಿ ತೆರೆದವನು ಮುಚ್ಚಲು ಮರೆತೆ. ಸತ್ತಿತೆಂದು ತಿಂಗಳು ಮೂಲೆಗಿಟ್ಟದ್ದು ಇಲಿಯೊಂದರ ಮಾತಿಗೆ ಓಗೊಟ್ಟಿತ್ತು.

‘ಪ್ಯಾಟರ್ನ್ ಹೇಳ್ರಿ, ಕಾಕಾ.’

ಭಾವನಿಗೆ ಹೇಳಲು ಬರಲಿಲ್ಲ. ಮೌಸ್ ಕೊಟ್ಟರೆ ಕೈ ತಡವರಿಸಿತು. ಎರಡು ಸಲ ತಪ್ಪಿತು. ಕಡೆಗೆ ಅವನು ಕಣ್ಣು ಮುಚ್ಚಿ, ಎದುರಿನ ಗಾಜಿನ ಕಪಾಟಿನ ಮೇಲೆ ಹೆಬ್ಬೆರಳಿಟ್ಟು ಸರ್ರನೆ ಎಳೆದ: ಮೇಲಿಂದ ಕೆಳಗೆ, ಓರೆಯಾಗಿ ಮೇಲಕ್ಕೆ, ಮತ್ತೆ ಕೆಳಗೆ. ಧೂಳಿನಲ್ಲಿ ಗೆರೆ ಮೂಡಿತು. ಹುಡುಗ ಅದನ್ನು ನೋಡಿಕೊಂಡು ಮೌಸಿನಲ್ಲಿ ಹಾಗೇ ಎಳೆದ. ಬಾಗಿಲು ತೆಗೆಯಿತು. ಸೆಟ್ಟಿಂಗ್ಸಿಗೆ ಹೋಗಿ ಖಾತೆ ತೆಗೆದು, ಅಲ್ಲಿಂದಲೇ ಪೂರ್ತಿ ಅಳಿಸಲು ಹಚ್ಚಿದ. ಕಪ್ಪಾದ ಅರ್ಧಕ್ಕೆ ಹೋದ ಸಾಲುಗಳನ್ನು ಮೇಲಕ್ಕೆ ಜರುಗಿಸುತ್ತ, ಬಾವಿಯಿಂದ ಹಗ್ಗ ಸೇದಿದಂತೆ. ಸಿಮ್ ಕಾರ್ಡು ನಾವು ಮೊದಲೇ ತೆಗೆದಿದ್ದೆವು. ಅಷ್ಟು ಬುದ್ಧಿ ಇತ್ತು.

ಅಳಿಸಿ ಮುಗಿಯುವವರೆಗೆ ಅವನು 15 ಅಂಕಿಯ ಐಎಂಇಐ ಸಂಖ್ಯೆಯನ್ನು ಪುಸ್ತಕಕ್ಕೆ ಬರೆದುಕೊಂಡ, ಭಾವನ ಆಧಾರ್ ಪ್ರತಿ ಇಸಕೊಂಡ, 14422ಕ್ಕೆ ಸಂದೇಶ ಕಳಿಸಿದ. ಕಳುವಾದ ಫೋನುಗಳನ್ನು ತಡೆಯುವ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶವಿಡೀ ಇದೆ. ಕದ್ದದ್ದೆಂದು ಅದರಲ್ಲಿ ದಾಖಲಾಗಿದ್ದರೆ ಉತ್ತರದಲ್ಲೇ ತಿಳಿಯುತ್ತದೆ. ನಮ್ಮನ್ನೂ ಕಳ್ಳರೆಂದು ಒಂದು ನಿಮಿಷ ಅನುಮಾನಿಸಿದ್ದಕ್ಕೆ ಭಾವ ಮುಖ ಬಿಗಿದ. ನನಗೆ ಹುಡುಗನ ಮೇಲೆ ಗೌರವವೇ ಹೆಚ್ಚಿತು.

ಆಮೇಲೆ ಬಿಸಿ ತಟ್ಟೆಯ ಮೇಲಿಟ್ಟು ಅಂಟು ಸಡಿಲಿಸಿ ಫೋನು ಬಿಚ್ಚಿದ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಬಲು ಮೆಲ್ಲಗೆ, ಪ್ಲಾಸ್ಟಿಕ್ ಚೂರಿನಿಂದ ಎಬ್ಬಿಸಿದ. ‘ತೂತು ಬಿದ್ರ ಬೆಂಕಿರಿ.’ ಕ್ಯಾಮೆರಾ, ಸ್ಪೀಕರ್, ಚಾರ್ಜಿಂಗ್ ಬೋರ್ಡು ಒಂದೊಂದೇ ಹೊರಬಂದವು. ಕೊನೆಗೆ ಮೇನ್ ಬೋರ್ಡು, ಅರ್ಧ ಬಿಸ್ಕತ್ತಿನಷ್ಟು. ಅದರ ಅಂಚಿನ ಹಳದಿ ಚುಕ್ಕಿ ತೋರಿಸಿ, ‘ಬಂಗಾರರಿ’ ಎಂದ.

ಭಾವ ಬಾಗಿ ನೋಡಿದ. ಬಂಗಾರದ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಲಿಂಗಸುಗೂರಿನ ಹಟ್ಟಿಯಲ್ಲಿ ಇವತ್ತಿಗೂ ಗಣಿ ನಡೆದಿದೆ. ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ ಚಿನ್ನ. ಅಮೆರಿಕದ ಪರಿಸರ ಇಲಾಖೆಯ ಅಂದಾಜಿನಂತೆ ಹತ್ತು ಲಕ್ಷ ಫೋನಿನಲ್ಲಿ ಸುಮಾರು 34 ಕಿಲೋ. ಫೋನೊಂದು 150 ಗ್ರಾಂ ಎಂದು ಹಿಡಿದು ಬಸ್ ಟಿಕೆಟ್ಟಿನ ಬೆನ್ನ ಮೇಲೆ ಲೆಕ್ಕ ಹಾಕಿದೆ: ಟನ್ನಿಗೆ ಇನ್ನೂರು ಗ್ರಾಂ ದಾಟಿತು. ತಪ್ಪಿತೆಂದು ಮತ್ತೊಮ್ಮೆ ಹಾಕಿದೆ. ಅಷ್ಟೇ ಬಂತು. ಮೊಳೆ ಹೊಡೆದ ಗೋಡೆಯ ಮೇಲೆ ತೂಗುತ್ತಿದ್ದ ಹಳೆ ಸೆಟ್ಟುಗಳ ಗೊಂಚಲು ಆಮೇಲೆ ನನಗೆ ಬೇರೆಯೇ ಕಂಡಿತು.

ಚಿನ್ನವೆಂದ ಕೂಡಲೆ ನಮ್ಮದೇ ಜಿಲ್ಲೆಯ ಮಸ್ಕಿ ನೆನಪಾಯಿತು. 1915ರಲ್ಲಿ ಅಲ್ಲಿಗೆ ಬಂದ ಬೀಡನ್ ಎಂಬವನು ಗಣಿ ಎಂಜಿನಿಯರ್. ಬಂಗಾರ ಅರಸುತ್ತಿದ್ದವನಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಅಕ್ಷರ. ಬಂಡೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ರಾಜ ಯಾರೆಂದು ಪಂಡಿತರು ತರ್ಕಿಸುತ್ತಿದ್ದಾಗ, ಅಶೋಕ ಎಂಬ ಹೆಸರನ್ನು ಆ ಕಲ್ಲು ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಿಡಿದುಕೊಂಡೇ ಕೂತಿತ್ತು.

ಫೋನು ಮಾತ್ರ ಭಾವನ ಹೆಸರು ಬಿಟ್ಟುಕೊಟ್ಟಿತ್ತು. ಹನ್ನೊಂದು ನೂರು ಎಣಿಸಿಕೊಂಡೆವು. ಕಪಾಟಿನ ಗಾಜಿನ ಮೇಲೆ ಹೆಬ್ಬೆರಳಿನ ಗೆರೆ ಇನ್ನೂ ಇತ್ತು. ಭಾವ ಹೊರಡುವ ಮುಂಚೆ ಟವೆಲ್ಲಿನ ತುದಿಯಿಂದ ಅದನ್ನು ಒರೆಸಿದ.

ಸಂಜೆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ನೀಲಿ ಬಕೀಟು. ನೂರಾ ಎಂಬತ್ತು ರೂಪಾಯಿ. ಮನೆ ಮುಟ್ಟಿದಾಗ ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಗಾಡಿಯವನದು ಇದಕ್ಕಿಂತ ದಪ್ಪ ಇತ್ತು ಅಂದಳು.