ಬ್ರೇಕ್ ಪ್ಯಾಡ್ ಬದಲಿಸಿದ ಪ್ರಸಂಗ

ನಿವೃತ್ತರಾದವರಿಗೆ ಎರಡು ಬಗೆಯ ಖರ್ಚುಗಳು ಚಿಂತೆಯನ್ನು ತರುತ್ತವೆ. ಒಂದು ದೇಹದ ರಿಪೇರಿ, ಇನ್ನೊಂದು ವಾಹನದ ರಿಪೇರಿ. ಎರಡರಲ್ಲಿಯೂ ಒಳಗೇನಾಗಿದೆಯೆಂಬುದು ನಮಗೆ ಕಾಣಿಸುವುದಿಲ್ಲ; ಬಲ್ಲವರು ಹೇಳಿದ್ದನ್ನು ನಂಬಿ ಹಣ ತೆರಬೇಕಾಗುತ್ತದೆ. ಮೊದಲನೆಯದರ ಬಗ್ಗೆ ಹೇಳಲು ನಾನು ಅಧಿಕಾರಿಯಲ್ಲ. ಎರಡನೆಯದರ ಬಗ್ಗೆ ಇತ್ತೀಚೆಗೆ ಕಲಿತ ಒಂದಿಷ್ಟನ್ನು ನನ್ನ ಶಿಷ್ಯರೊಡನೆಯೂ ಬಂಧುಗಳೊಡನೆಯೂ ಹಂಚಿಕೊಳ್ಳಬೇಕೆನಿಸಿದೆ.

ನಮ್ಮ ಸಣ್ಣ ಕಾರು ಬ್ರೇಕ್ ಒತ್ತಿದಾಗಲೆಲ್ಲ ಕೀರಲು ದನಿ ಹೊರಡಿಸತೊಡಗಿತ್ತು. ಅನೇಕ ಪ್ಯಾಡುಗಳಲ್ಲಿ ಒಂದು ಚಿಕ್ಕ ಲೋಹದ ನಾಲಿಗೆಯನ್ನು ಇಟ್ಟಿರುತ್ತಾರೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಗುಲಿ, ಬದಲಿಸುವ ಕಾಲ ಬಂತೆಂದು ಕೂಗಿ ಹೇಳುತ್ತದೆ. ಮಗಳಿರುವುದು ಉಡುಪಿಯಲ್ಲಿ. ತೀರ್ಥಹಳ್ಳಿಯ ಕಡೆಯಿಂದ ಅಲ್ಲಿಗೆ ಹೋಗಬೇಕಾದರೆ ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳನ್ನು ಇಳಿಯಬೇಕು. ಬೇಸಿಗೆಯ ರಜೆಯಲ್ಲಿ ಮೊಮ್ಮಗನನ್ನು ಕೂರಿಸಿಕೊಂಡು ಹೋಗುವ ಕಾರು ಅದು. ಆದ್ದರಿಂದ ಆ ದನಿಯನ್ನು ಅಲಕ್ಷಿಸುವಂತಿರಲಿಲ್ಲ.

ಡೀಲರರ ವರ್ಕ್‌ಶಾಪಿನಲ್ಲಿ 6,900 ರೂಪಾಯಿಯ ಅಂದಾಜುಪಟ್ಟಿ ಕೊಟ್ಟರು. ಪ್ಯಾಡುಗಳ ಜೊತೆಗೆ ಎರಡು ಡಿಸ್ಕುಗಳನ್ನೂ ಬದಲಿಸಬೇಕೆಂದಿತ್ತು. ಡಿಸ್ಕುಗಳಿಗೇ 4,000 ರೂಪಾಯಿ. ಡಿಸ್ಕಿನ ದಪ್ಪ ಎಷ್ಟಿದೆಯೆಂದು ವಿಚಾರಿಸಿದೆ. ಅಳತೆ ಸಿಗಲಿಲ್ಲ. ಒಳಗೆ ಬಂದು ನೋಡಬಹುದೇ ಎಂದೆ. ಗ್ರಾಹಕರಿಗೆ ಒಳಗೆ ಪ್ರವೇಶವಿಲ್ಲವೆಂದರು. ಸಹಿ ಮಾಡದೆ ಮನೆಗೆ ಬಂದೆ.

‘ನಾವೇ ಬದಲಿಸಿದರೆ ಹೇಗೆ?’ ಎಂದಾಗ ಮನೆಯಾಕೆ ಒಪ್ಪಲಿಲ್ಲ. ‘ಪಾಸ್ಕಲನ ನಿಯಮವನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೀರಿ, ನಿಜ. ಆದರೆ ಘಾಟಿಯಲ್ಲಿ ಕಾರನ್ನು ನಿಲ್ಲಿಸುವುದು ಬೋರ್ಡಲ್ಲ’ ಎಂದಳು. ಮಾತು ನ್ಯಾಯವಾಗಿಯೇ ಇತ್ತು. ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಎಸ್ಸೆಸ್ಸೆಲ್ಸಿ ಮುಗಿಸದೆ ಗ್ಯಾರೇಜು ಸೇರಿ, ಇಂದು ಸ್ವಂತದ ಗ್ಯಾರೇಜನ್ನು ನಡೆಸುತ್ತಿರುವವನು. ‘ಬನ್ನಿ ಸಾರ್, ಎಡಚಕ್ರ ನಾನು ಮಾಡಿ ತೋರಿಸ್ತೀನಿ, ಬಲಚಕ್ರ ನೀವು ಮಾಡಿ’ ಎಂದ.

ಆತ ಮೊದಲು ಕೈಗೆತ್ತಿಕೊಂಡದ್ದು ವರ್ನಿಯರ್ ಕ್ಯಾಲಿಪರ್ಸ್! ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದ್ದ ಅದೇ ಉಪಕರಣ. ಪ್ಯಾಡಿನಲ್ಲಿ ಉಳಿದದ್ದು ಎರಡೂವರೆ ಮಿಲಿಮೀಟರು. ಹೊಸದರಲ್ಲಿ ಸುಮಾರು ಹತ್ತು ಇರುತ್ತದೆ. ಆದ್ದರಿಂದ ಅದನ್ನು ಬದಲಿಸಲೇಬೇಕಿತ್ತು. ಆದರೆ ಡಿಸ್ಕಿನ ಮೇಲೆಯೇ ಅಚ್ಚೊತ್ತಿದ್ದ ಕನಿಷ್ಠ ದಪ್ಪಕ್ಕಿಂತ ಡಿಸ್ಕು ಸಾಕಷ್ಟು ದಪ್ಪವಾಗಿಯೇ ಇತ್ತು, ಮೇಲ್ಮೈಯೂ ನಯವಾಗಿತ್ತು.

ಕೆಲಸದ ಕ್ರಮ ಹೀಗೆ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ತುಸು ಸಡಿಲಿಸಬೇಕು. ಕಾರನ್ನೆತ್ತಿದ ಮೇಲೆ ಜಾಕನ್ನು ಮಾತ್ರ ನಂಬದೆ ಗಟ್ಟಿಯಾದ ಸ್ಟ್ಯಾಂಡ್ ಕೊಡಬೇಕು. ಕ್ಯಾಲಿಪರನ್ನು ಬಿಚ್ಚಿದಾಗ ಅದು ರಬ್ಬರ್ ಕೊಳವೆಯಿಂದ ಜೋತಾಡದಂತೆ ತಂತಿಯಿಂದ ಕಟ್ಟಬೇಕು. ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು. ಪಿಸ್ಟನ್ನನ್ನು ನಿಧಾನವಾಗಿ ಹಿಂದಕ್ಕೊತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ದ್ರವ ಏರುತ್ತದೆ, ಅದು ಉಕ್ಕದಂತೆ ಗಮನಿಸಬೇಕು. ಪ್ಯಾಡುಗಳನ್ನು ಎರಡೂ ಬದಿಗೆ ಒಟ್ಟಿಗೇ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು. ಕಾರು ಕದಲುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತು ನೆಲ ಮುಟ್ಟೀತು, ಬ್ರೇಕು ಹಿಡಿಯದು.

ಬಲಚಕ್ರವನ್ನು ನಾನು ಮಾಡುತ್ತಿದ್ದಾಗ ಶಿಷ್ಯ ಕೈಕಟ್ಟಿ ನಿಂತು, ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕನಂತೆ ನೋಡಿದ. ಪ್ರತಿಯೊಂದು ಬೋಲ್ಟನ್ನೂ ಮತ್ತೆ ಮುಟ್ಟಿ ನೋಡಿದ ಮೇಲೆಯೇ ತಲೆಯಾಡಿಸಿದ್ದು. ಪ್ಯಾಡಿಗೆ 1,150, ಗ್ರೀಸಿಗೆ 150, ಆತನ ದುಡಿಮೆಗೆ 500. ಒಟ್ಟು 1,800 ರೂಪಾಯಿ. ಗುರುವೆಂಬ ಸಂಕೋಚವಿಲ್ಲದೆ ಆತ ಹಣ ಪಡೆದದ್ದು ನನಗೆ ಬಹಳ ಸಂತೋಷವನ್ನು ಕೊಟ್ಟಿತು. ವಿದ್ಯೆಗೆ ಬೆಲೆಯಿರಬೇಕಲ್ಲವೇ?

ಈಗ ಲೆಕ್ಕವನ್ನು ಪ್ರಾಮಾಣಿಕವಾಗಿ ನೋಡೋಣ. ಡಿಸ್ಕಿನ 4,000 ಕಳೆದರೆ ಡೀಲರರ ಪಟ್ಟಿ 2,900ಕ್ಕೆ ಇಳಿಯುತ್ತದೆ. ಅಂದರೆ ಅಲ್ಲಿ ಮಾಡಿಸದಿದ್ದುದರಿಂದ ಉಳಿದದ್ದು 1,100 ರೂಪಾಯಿ ಮಾತ್ರ. ಉಳಿದ 4,000 ಉಳಿದದ್ದು ಅಳೆದು ನೋಡಿದ್ದರಿಂದ.

ಇದು ನನ್ನೊಬ್ಬನ ತಕರಾರಲ್ಲ. ಬಿಡಿಭಾಗಗಳೂ ರಿಪೇರಿಯ ಮಾಹಿತಿಯೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಅದನ್ನು ಪ್ರಶ್ನಿಸಿ ಮೇಲ್ಮನವಿಗೂ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕು’ ಕುರಿತು ಸಮಿತಿಯನ್ನು ರಚಿಸಿತು. ನೋಡುವ ಹಕ್ಕು ಸಣ್ಣದೇನಲ್ಲ.

ಹಾಗೆಂದು ಎಲ್ಲರೂ ಸ್ಪ್ಯಾನರ್ ಹಿಡಿಯಿರೆಂದು ನಾನು ಹೇಳುವುದಿಲ್ಲ. ವಾರಂಟಿಯಲ್ಲಿರುವ ಹೊಸ ಕಾರಿನವರು ಡೀಲರರಲ್ಲಿಗೇ ಹೋಗುವುದು ಕ್ಷೇಮ. ಹಿಂಬದಿಯಲ್ಲಿ ವಿದ್ಯುತ್‌ಚಾಲಿತ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳಿಗೆ ಪ್ರತ್ಯೇಕ ಕ್ರಮ ಬೇಕು. ಬ್ರೇಕ್ ದ್ರವ ಬದಲಿಸುವುದನ್ನು ನಾನು ಇಂದಿಗೂ ಶಿಷ್ಯನಿಗೇ ಬಿಡುತ್ತೇನೆ. ಆ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದ್ರವವು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯ ಕಾವಿಗೆ ದ್ರವ ಕುದಿದು ಆವಿಯಾದರೆ, ಆವಿ ಕುಗ್ಗುತ್ತದೆ, ಪೆಡಲು ಕುಸಿಯುತ್ತದೆ. ಪಾಸ್ಕಲನ ನಿಯಮ ಅಲ್ಲಿ ನಮ್ಮ ನೆರವಿಗೆ ಬರುವುದಿಲ್ಲ.

ಎಲ್ಲಿಯೇ ಮಾಡಿಸಿ, ಮೂರನ್ನು ಕೇಳಿರಿ: ಪ್ಯಾಡಿನ ದಪ್ಪವೆಷ್ಟು, ಡಿಸ್ಕಿನ ದಪ್ಪವೆಷ್ಟು, ಬಿಚ್ಚಿದ ಹಳೆಯ ಭಾಗ ಎಲ್ಲಿ? ಉತ್ತರ ಕೊಡುವವರಿಗೆ ಸಂತೋಷದಿಂದ ಹಣ ಕೊಡಿರಿ. ಘಾಟಿಯನ್ನು ಇಳಿಯುವಾಗ ಎರಡನೆಯ ಗೇರಿನಲ್ಲಿರಿ, ಕಾಲನ್ನು ಸದಾ ಬ್ರೇಕಿನ ಮೇಲಿಡಬೇಡಿರಿ. ಮೇಷ್ಟ್ರ ಮಾತೆಂದು ನೆನಪಿಟ್ಟುಕೊಂಡರೆ ಸಾಕು.