ಆಟದ ಕಡತವೂ ಅದನ್ನು ತಿದ್ದುವವನೂ

ಕಡತವೆಂಬ ಮಾತು ಕನ್ನಡದಲ್ಲಿ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಕರಿಯ ಬಟ್ಟೆಯ ಮೇಲಣ ಬಿಳಿಯ ಅಕ್ಷರವು ಬಹುಕಾಲ ಉಳಿಯುತ್ತಿತ್ತು. ಆದರೆ ಬೇಕೆಂದಾಗ ಒರಸಿ ಮತ್ತೆ ಬರೆಯಲೂ ಬರುತ್ತಿತ್ತು. ಉಳಿಯುವ ಗುಣವೂ ಅಳಿಯುವ ಗುಣವೂ ಒಂದೇ ವಸ್ತುವಿನಲ್ಲಿ ಕೂಡಿದ್ದ ಕಾರಣ, ಕಡತವನ್ನು ಇಟ್ಟುಕೊಂಡವನ ಪ್ರಾಮಾಣಿಕತೆಯೇ ಆ ಕಡತದ ಬೆಲೆಯಾಗಿತ್ತು. ಇಂದು ಗಣಕಯಂತ್ರದೊಳಗಿನ ಬರಹಕ್ಕೂ ಕನ್ನಡಿಗರು ಇದೇ ಹೆಸರನ್ನು ಇಟ್ಟಿದ್ದಾರೆ. ಇಟ್ಟವರು ಇಷ್ಟನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಹೆಸರು ಮಾತ್ರ ಚೆನ್ನಾಗಿ ಒಪ್ಪಿದೆ. ಅಂತಹ ಕಡತಗಳಲ್ಲಿ ಬಹು ಚಿಕ್ಕದೂ, ದೊಡ್ಡವರು ಲಕ್ಷ್ಯಕ್ಕೆ ತಾರದುದೂ ಆದ ಒಂದು ಜಾತಿಯುಂಟು. ಮಕ್ಕಳು ವಿಡಿಯೊ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಏಳುವಾಗ, ಅಲ್ಲಿಯವರೆಗಿನ ಆಟವನ್ನು ಯಂತ್ರವು ಬರೆದಿಟ್ಟುಕೊಳ್ಳುವ ಕಡತವದು. ಸೇವ್ ಕಡತವೆಂದು ಅದನ್ನು ಕರೆಯುತ್ತಾರೆ.

ಮೊದಮೊದಲು ಆಟದ ಯಂತ್ರಗಳಿಗೆ ನೆನಪೆಂಬುದೇ ಇರಲಿಲ್ಲ. ವಿದ್ಯುತ್ತು ಹೋದೊಡನೆ ಆಡಿದ್ದೆಲ್ಲವೂ ಹೋಗುತ್ತಿತ್ತು. ಜಪಾನಿನಲ್ಲಿ ೧೯೮೬ರಲ್ಲಿ ಹೊರಟ 'ಡ್ರಾಗನ್ ಕ್ವೆಸ್ಟ್' ಎಂಬ ಆಟದವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ಆಟಗಾರನ ಹಣ, ಅನುಭವ, ಆಯುಧಗಳನ್ನೆಲ್ಲ ಯಂತ್ರವು ಹಿರಗಾನ ಲಿಪಿಯ ೨೦ ಅಕ್ಷರಗಳಲ್ಲಿ ಅಡಗಿಸಿ ತೋರಿಸುವುದು. ಹುಡುಗನು ಅದನ್ನು ಕಾಗದದ ಮೇಲೆ ಬರೆದುಕೊಂಡು, ಮರುದಿನ ಅದನ್ನೇ ಯಂತ್ರಕ್ಕೆ ಒಪ್ಪಿಸುವುದು. ಪುನರುಜ್ಜೀವನದ ಮಂತ್ರವೆಂದೇ ಅದಕ್ಕೆ ಹೆಸರು. ಮರುವರ್ಷದ ಎರಡನೆಯ ಆಟದಲ್ಲಿ ಈ ಮಂತ್ರವು ೫೨ ಅಕ್ಷರಗಳವರೆಗೆ ಬೆಳೆಯಿತು. ಮಂತ್ರದಲ್ಲಿ ಒಂದಕ್ಷರ ತಪ್ಪಿದರೂ ಫಲವಿಲ್ಲವೆಂಬ ಮಾತಿನ ಅರ್ಥವು ಆ ಮಕ್ಕಳಿಗೆ ಅನುಭವದಿಂದಲೇ ತಿಳಿಯಿತು. ತರುವಾಯ, ಆಟದ ಪೆಟ್ಟಿಗೆಯೊಳಗೇ ಒಂದು ಸ್ಮೃತಿಯ ಬಿಲ್ಲೆಯನ್ನೂ ಅದಕ್ಕೆ ಸದಾ ವಿದ್ಯುತ್ತನ್ನು ಉಣಿಸುವ ಒಂದು ಪುಟ್ಟ ಬ್ಯಾಟರಿಯನ್ನೂ ಇಡುವ ಪದ್ಧತಿ ಬಂದಿತು. ಆಟವನ್ನು ಬರೆದುಕೊಳ್ಳುವ ಕೆಲಸವು ಹುಡುಗನ ಕೈಯಿಂದ ಯಂತ್ರದ ಕೈಗೆ ಹೋಯಿತು.

ಈ ಪದ್ಧತಿಯ ಆಟಗಳಲ್ಲಿ ಜಗತ್ತಿಗೆ ಹೆಚ್ಚು ಪರಿಚಿತವಾದುದು 'ಪೋಕೆಮಾನ್'. ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುತ್ತಿದ್ದ ಸತೋಶಿ ತಾಜಿರಿ ಎಂಬುವರ ಕಲ್ಪನೆಯಿಂದ ಹುಟ್ಟಿದ ಈ ಆಟವು ೧೯೯೬ರಲ್ಲಿ ಜಪಾನಿನಲ್ಲಿಯೂ, ೧೯೯೮ರಲ್ಲಿ ಅಮೆರಿಕದಲ್ಲಿಯೂ, ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಪ್ರಕಟವಾಯಿತು. ವಿಚಿತ್ರಪ್ರಾಣಿಗಳನ್ನು ಹಿಡಿದು, ಹೆಸರಿಟ್ಟು, ಸಾಕಿ, ಪಳಗಿಸುವುದೇ ಅದರ ಆಟ. ಅದರ ಪೆಟ್ಟಿಗೆಯಲ್ಲಿ ಒಂದೇ ಆಟವನ್ನು ಉಳಿಸಲು ಸ್ಥಳವುಂಟು. ಮನೆಯಲ್ಲಿ ಮತ್ತೊಬ್ಬರು ಹೊಸದಾಗಿ ಆಡಿ ಅದನ್ನು ಉಳಿಸಿದರೆ ಹಳೆಯದು ಅಳಿಸಿಹೋಯಿತೆಂದೇ ಅರ್ಥ.

ಅಮೆರಿಕದ ಒಂದು ಊರಿನಲ್ಲಿ ಆಗ ಹತ್ತು ವರ್ಷದವನಾಗಿದ್ದ ಒಬ್ಬನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಇಂದು ಅವನಿಗೆ ನಲವತ್ತರ ಹತ್ತಿರದ ವಯಸ್ಸು. ಹಳೆಯ ಸಾಮಾನುಗಳ ನಡುವೆ ಅವನಿಗೆ ಆ ಪೆಟ್ಟಿಗೆ ಸಿಕ್ಕುತ್ತದೆ. ಯಂತ್ರಕ್ಕೆ ಹಾಕಿ ನೋಡಿದರೆ, ಅವನ ಬಾಲ್ಯದ ಆಟವು ನಿಲ್ಲಿಸಿದಲ್ಲಿಯೇ ನಿಂತಿದೆ; ಒಂದು ಪ್ರಾಣಿಗೆ ಅಂದು ಮನೆಯಲ್ಲಿದ್ದ ನಾಯಿಯ ಹೆಸರಿದೆ. ನಾಯಿ ಸತ್ತು ಎಷ್ಟೋ ವರ್ಷವಾಯಿತು. ಆದರೆ ಆ ಹೆಸರನ್ನು ಹಿಡಿದಿರುವುದು ನಾಣ್ಯದಷ್ಟಗಲದ ಒಂದು ಲಿಥಿಯಮ್ ಬ್ಯಾಟರಿ. ಇಂತಹ ಬ್ಯಾಟರಿಗಳು ಕೆಲವು ಹತ್ತು ವರ್ಷಕ್ಕೆ ತೀರಿದವು, ಕೆಲವು ಇಪ್ಪತ್ತನ್ನು ದಾಟಿ ನಡೆದವು. ಆದರೆ ತೀರದೆ ಉಳಿಯುವುದು ಯಾವುದೂ ಇಲ್ಲ. ಬದಲಾಯಿಸೋಣವೆಂದು ಅದನ್ನು ಸುಮ್ಮನೆ ಕಿತ್ತರೆ ಆ ಕ್ಷಣದಲ್ಲಿಯೇ ನೆನಪೆಲ್ಲ ಮಾಯ. ಆದುದರಿಂದ ಅವನು ಪೆಟ್ಟಿಗೆಯನ್ನು ಓದುವ ಒಂದು ಸಣ್ಣ ಸಾಧನವನ್ನು ತರಿಸಿ, ಒಳಗಿರುವುದನ್ನೆಲ್ಲ ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳುತ್ತಾನೆ. ಸಿಕ್ಕಿದ್ದು ೩೨,೭೬೮ ಬೈಟುಗಳ ಒಂದು ಕಡತ. ಬೈಟೆಂದರೆ ೦ಯಿಂದ ೨೫೫ರವರೆಗಿನ ಒಂದು ಸಂಖ್ಯೆ. ಅದರಲ್ಲಿ ನಾಯಿಯ ಹೆಸರು ಎಲ್ಲಿದೆಯೋ, ಅವನ ಹೆಸರು ಎಲ್ಲಿದೆಯೋ, ಬರಿಯ ಕಣ್ಣಿಗೆ ತಿಳಿಯದು. ಹೆಕ್ಸ್ ಎಡಿಟರ್ ಎಂಬ ಸಲಕರಣೆಯಲ್ಲಿ ತೆರೆದರೆ, ಹದಿನಾರರ ಎಣಿಕೆಯ ಜೋಡಿ ಅಂಕಿಗಳು ಸಾಲುಸಾಲಾಗಿ ನಿಲ್ಲುತ್ತವೆ. ಅರ್ಥವನ್ನು ಹೇಳುವ ಟೀಕೆಯಾಗಲಿ ನಿಘಂಟಾಗಲಿ ಅದರ ಜೊತೆಗೆ ಬರುವುದಿಲ್ಲ.

ಓದುವ ಉಪಾಯ ಒಂದೇ. ಆಟದಲ್ಲಿ ಒಂದನ್ನು, ಒಂದನ್ನೇ, ಬದಲಾಯಿಸಿ ಮತ್ತೆ ಉಳಿಸಬೇಕು. ಹಳೆಯ ಕಡತವನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು, ಎಲ್ಲಿ ಭೇದವಿದೆಯೆಂದು ನೋಡಬೇಕು. ಓಲೆಯ ಗ್ರಂಥಗಳನ್ನು ಪರಿಷ್ಕರಿಸುವವರು ಪ್ರತಿಗಳನ್ನಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವ ಕ್ರಮವೇ ಇದು. ಆಟದಲ್ಲಿ ಕೈಯ ಹಣ ೩೦೦೦ ಇದೆ ಎನ್ನೋಣ. ಗಣಕದ ಸಹಜವಾದ ಲೆಕ್ಕದಲ್ಲಿ ಅದು ೧೧, ೧೮೪ ಎಂಬ ಎರಡು ಬೈಟುಗಳಾಗಬೇಕು, ಏಕೆಂದರೆ ೧೧ನ್ನು ೨೫೬ರಿಂದ ಗುಣಿಸಿ ೧೮೪ನ್ನು ಕೂಡಿದರೆ ೩೦೦೦. ಅವನು ಕಡತವನ್ನೆಲ್ಲ ಶೋಧಿಸಿದರೂ ಹಣ ಅಲ್ಲಿ ಸಿಕ್ಕದು. ಬಳಿಕ ೨೦೦ ಕೊಟ್ಟು ಒಂದು ಪೋಕೆ ಬಾಲನ್ನು ಕೊಂಡು, ಎರಡು ಪ್ರತಿಗಳನ್ನು ಹೋಲಿಸಿದಾಗ, ಮೊದಲನೆಯ ಬೈಟನ್ನು ಸೊನ್ನೆಯೆಂದು ಎಣಿಸಿದರೆ ೯೭೧೫ನೆಯದಾಗುವ ಸ್ಥಾನದಿಂದ, ೦೦ ೩೦ ೦೦ ಇದ್ದುದು ೦೦ ೨೮ ೦೦ ಆಗಿರುವುದು ಕಾಣುತ್ತದೆ. ಆಟವನ್ನು ಬರೆದವರು ಮನುಷ್ಯರು ಬರೆಯುವಂತೆಯೇ, ಒಂದೊಂದು ಬೈಟಿಗೆ ಎರಡೆರಡು ಅಂಕಿಗಳಾಗಿ ಹಣವನ್ನು ಇಟ್ಟಿದ್ದರು. ಬಹು ಜಟಿಲವೆಂದು ಹುಡುಕಿದ್ದು ಬಹು ಸರಳವಾಗಿ ಎದುರಿಗೇ ಇತ್ತು!

ಹೆಸರುಗಳದೂ ಇದೇ ಕಥೆ. ಲೋಕದ ಗಣಕಗಳೆಲ್ಲ ಇಂಗ್ಲಿಷಿನ ದೊಡ್ಡ ಮೊದಲಕ್ಷರಕ್ಕೆ ೬೫ ಎಂಬ ಸಂಖ್ಯೆಯನ್ನು ಕೊಟ್ಟಿರುವಾಗ, ಈ ಆಟವು ೧೨೮ನ್ನು ಕೊಟ್ಟಿದೆ. ಹೆಸರು ಮುಗಿಯಿತೆನ್ನುವುದಕ್ಕೆ ೮೦ರ ಗುರುತು. ಪ್ರಾಣಿಗಳಿಗೂ ಹೊರಗೆ ಕಾಣುವ ಸಂಖ್ಯೆ ಬೇರೆ, ಒಳಗಿನದು ಬೇರೆ. ಆಟದ ಪಟ್ಟಿಯಲ್ಲಿ ೧ನೆಯದಾದ ಬಲ್ಬಸಾರ್ ಒಳಗೆ ೧೫೩. ಪಟ್ಟಿಯಲ್ಲಿ ೧೧೨ನೆಯದಾದ ರೈಡಾನ್ ಒಳಗೆ ೧. ಪಟ್ಟಿಯ ಕೊನೆಯದಾಗಿ, ೧೫೧ನೆಯದಾದ ಮ್ಯೂ ಎಂಬ ಅಪೂರ್ವಪ್ರಾಣಿ ಒಳಗೆ ೨೧. ಹೀಗೆ ಒಂದೊಂದನ್ನೇ ಬಿಡಿಸುತ್ತ ಹೋದವನಿಗೆ ನಿರ್ಜೀವವಾದ ಅಂಕಿಗಳ ಹಿಂದೆ ಮನುಷ್ಯರ ಮುಖಗಳು ಕಾಣತೊಡಗುತ್ತವೆ. ಯಾರೋ ಎಲ್ಲಿಯೋ ಕುಳಿತು, ಇಷ್ಟೇ ಸ್ಥಳದಲ್ಲಿ ಇಷ್ಟನ್ನೂ ಅಡಕಬೇಕಲ್ಲ ಎಂದು ಚಿಂತಿಸಿ, ಹೀಗೆ ಮಾಡೋಣವೆಂದು ಗೊತ್ತುಮಾಡಿದ ನಿರ್ಧಾರಗಳೇ ಅವು. ಕಡತವನ್ನು ಓದುವುದೆಂದರೆ ಅವರ ಯೋಚನೆಯ ಹೆಜ್ಜೆಯ ಮೇಲೆ ಹೆಜ್ಜೆಯಿಡುವುದು.

ಓದಲು ಬಂದವನಿಗೆ ತಿದ್ದುವ ಆಸೆ ಸಹಜ. ಅವನು ನಕಲಿನಲ್ಲಿ ೦೦ ೩೦ ೦೦ ಇದ್ದಲ್ಲಿ ೯೯ ೯೯ ೯೯ ಎಂದು ಬರೆಯುತ್ತಾನೆ. ಮೂರು ಬೈಟುಗಳಿಂದ ಬಡವನು ೯,೯೯,೯೯೯ರ ಒಡೆಯನಾದನು! ಆದರೆ ಆಟವನ್ನು ಆರಂಭಿಸಿದರೆ, ಕಡತವು ನಾಶವಾಗಿದೆಯೆಂದು ಯಂತ್ರವು ಹೇಳಿ ಬಾಗಿಲು ಮುಚ್ಚುತ್ತದೆ. ಹಿಂದೆ ಶ್ಯಾನುಭೋಗರು ಲೆಕ್ಕದ ಪುಟದ ಕೆಳಗೆ ಮೊತ್ತವನ್ನು ಬರೆಯುತ್ತಿದ್ದರು. ನಡುವಿನ ಅಂಕಿಯನ್ನು ಯಾರಾದರೂ ತಿದ್ದಿದರೆ ಮೊತ್ತವು ತಾಳೆಯಾಗದೆ ಕಳ್ಳತನ ಹೊರಬೀಳುತ್ತಿತ್ತು. ಆಟದ ಕಡತಕ್ಕೂ ಅಂತಹದೊಂದು ಮೊತ್ತವುಂಟು. ಚೆಕ್‌ಸಮ್ ಎಂದು ಅದರ ಹೆಸರು. ೨೫೫ರಿಂದ ಆರಂಭಿಸಿ, ೯೬೨೪ನೆಯ ಸ್ಥಾನದಿಂದ ೧೩,೬೦೨ನೆಯ ಸ್ಥಾನದವರೆಗಿನ ಪ್ರತಿಯೊಂದು ಬೈಟನ್ನೂ ಕಳೆಯುತ್ತ ಹೋಗಬೇಕು. ಸೊನ್ನೆಗಿಂತ ಕೆಳಗಿಳಿದಾಗಲೆಲ್ಲ ೨೫೬ನ್ನು ಕೂಡಿಕೊಳ್ಳಬೇಕು. ಕೊನೆಗೆ ಉಳಿದುದು ೧೩,೬೦೩ನೆಯ ಸ್ಥಾನದಲ್ಲಿರಬೇಕು. ಹದಿನಾರರ ಎಣಿಕೆಯ ೩೦ ಸಾಮಾನ್ಯ ಲೆಕ್ಕದಲ್ಲಿ ೪೮. ೯೯ ಎಂಬುದು ೧೫೩. ಆ ಮೂರು ಬೈಟುಗಳ ಮೊತ್ತ ೪೮ ಇದ್ದುದು ೪೫೯ ಆಯಿತು. ೪೧೧ರ ವ್ಯತ್ಯಾಸದಲ್ಲಿ ೨೫೬ನ್ನು ಬಿಟ್ಟರೆ ೧೫೫. ಕೊನೆಯ ಬೈಟಿನಿಂದ ಈ ೧೫೫ನ್ನು ಕಳೆದು, ಅಲ್ಲಿಯೂ ಬೇಕಾದರೆ ೨೫೬ನ್ನು ಕೂಡಿಕೊಂಡು ಬರೆದೊಡನೆ, ಯಂತ್ರವು ಯಾವ ಆಕ್ಷೇಪಣೆಯೂ ಇಲ್ಲದೆ ಅವನನ್ನು ಶ್ರೀಮಂತನೆಂದು ಒಪ್ಪಿಕೊಳ್ಳುತ್ತದೆ.

ಹೀಗೆ ದೊರೆತ ಸಿರಿಯಲ್ಲಿ ಸುಖವೆಷ್ಟು? ಕೊಳ್ಳಬಹುದಾದುದನ್ನೆಲ್ಲ ಒಂದು ಗಳಿಗೆಯಲ್ಲಿ ಕೊಂಡವನಿಗೆ ಅಂಗಡಿಯಿಂದ ಅಂಗಡಿಗೆ ಅಲೆಯುವ ಕಾರಣವೇ ಉಳಿಯುವುದಿಲ್ಲ. ಹುಡುಕದೆ ಸಿಕ್ಕಿದ ಮ್ಯೂ ಅಂಕಿಯಾಗಿಯೇ ಉಳಿಯುತ್ತದೆ. ಆಟವನ್ನು ಗೆದ್ದುಬಿಟ್ಟೆನೆಂಬ ಸಂತೋಷಕ್ಕಿಂತ ಅದನ್ನು ಬಿಡಿಸಿದೆನೆಂಬ ಸಂತೋಷವೇ ಅವನಿಗೆ ಹೆಚ್ಚು. ಅವನು ತನ್ನೊಬ್ಬನ ಆಟವನ್ನು ಕೆಡಿಸಿಕೊಂಡರೆ ಅದು ಅವನ ಪಾಡು. ಆದರೆ ಈ ಆಟಗಳಲ್ಲಿ ಪ್ರಾಣಿಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದೂ, ಕಾದಾಡಿಸುವುದೂ ಉಂಟು. ತಿದ್ದಿದ ಪ್ರಾಣಿಯನ್ನು ಸಾಕಿ ಬೆಳೆಸಿದ್ದೆಂದು ಕೊಟ್ಟರೆ ಅದು ವಂಚನೆಯೇ ಸರಿ. ಹಣಕ್ಕಾಗಿ ಇಂತಹ ತಿದ್ದುವ ಸಲಕರಣೆಗಳನ್ನು ಮಾರುವವರೂ ತಿದ್ದಿಕೊಡುವವರೂ ಹೆಚ್ಚಾಗಲು, ಜಪಾನು ೨೦೧೮ರಲ್ಲಿ ತನ್ನ ಅನುಚಿತ ಸ್ಪರ್ಧಾ ನಿವಾರಣೆಯ ಶಾಸನವನ್ನು ತಿದ್ದುಪಡಿ ಮಾಡಿ ಆ ವ್ಯಾಪಾರವನ್ನು ನಿಷೇಧಿಸಿತು.

ಯಂತ್ರಗಳನ್ನು ಮಾಡುವವರೂ ಸುಮ್ಮನಿರಲಿಲ್ಲ. ಕಡತಗಳಿಗೆ ಗೂಢಲಿಪಿಯನ್ನೂ ಮುದ್ರೆಯನ್ನೂ ಹಾಕಿದರು. ಆದರೂ ೨೦೦೮ರಲ್ಲಿ ನಿಂಟೆಂಡೊದವರ ವೀ ಎಂಬ ಯಂತ್ರದ ಬೀಗ ಒಂದು ಕುದುರೆಯಿಂದ ಕಳಚಿತು. 'ಜೆಲ್ಡಾ' ಮಾಲಿಕೆಯ ಒಂದು ಆಟದ ಸೇವ್ ಕಡತದಲ್ಲಿ ಕುದುರೆಯ ಹೆಸರಿಗೆ ಇಷ್ಟು ಸ್ಥಳವೆಂದು ಇಟ್ಟಿದ್ದರು. ಓದುವಾಗ ಹೆಸರು ಅದಕ್ಕಿಂತ ಉದ್ದವಿದೆಯೇ ಎಂದು ಕೇಳುವುದನ್ನು ಮರೆತಿದ್ದರು. ಮಿತಿಮೀರಿ ಉದ್ದವಾದ ಹೆಸರೊಂದು ಪಕ್ಕದ ಸ್ಮೃತಿಯ ಮೇಲೆ ಹರಿದು, ಸಂಸ್ಥೆಯವರು ಒಪ್ಪದ ಕಾರ್ಯಕ್ರಮಗಳನ್ನೂ ಯಂತ್ರವು ನಡೆಸುವಂತೆ ಮಾಡಿತು. ಸಂಸ್ಥೆಯವರು ಮುಂದೆ ಆ ದಾರಿಯನ್ನು ಮುಚ್ಚಿದರು.

ಹಾಗಾದರೆ ಕಡತವನ್ನು ತಿದ್ದುವ ವಿದ್ಯೆ ಕಳ್ಳರ ವಿದ್ಯೆಯೆ? ಬ್ಯಾಟರಿಯು ಸೊರಗಿ, ನಾಲ್ಕು ಸಾವಿರದ ಹತ್ತಿರದ ಆ ಬೈಟುಗಳಲ್ಲಿ ಒಂದೇ ಒಂದು ಕೆಟ್ಟಿತೆನ್ನೋಣ. ಮೊತ್ತವು ತಾಳೆಯಾಗದು. ಉಳಿದುದೆಲ್ಲ ಸರಿಯಿದ್ದರೂ ಯಂತ್ರವು ಎಲ್ಲವನ್ನೂ ನಾಶವೆಂದು ತಳ್ಳಿಬಿಡುತ್ತದೆ. ಬಾಲ್ಯದ ನಾಯಿಯ ಹೆಸರೂ ಅದರೊಡನೆ ಹೋಗುತ್ತದೆ. ಆಗ ಕಡತವನ್ನು ಬಲ್ಲವನು ಕುಳಿತು, ಕೆಟ್ಟ ಬೈಟನ್ನು ಗುರುತಿಸಿ, ಅದನ್ನು ಸರಿಪಡಿಸಿ, ಅಥವಾ ಅದು ಏನಾಗಿತ್ತೆಂದು ತಿಳಿಯದಿದ್ದರೆ ಇದ್ದಂತೆಯೇ ಬಿಟ್ಟು, ಮೊತ್ತವನ್ನು ಹೊಸದಾಗಿ ಎಣಿಸಿ ಬರೆಯುತ್ತಾನೆ. ಆಟ ತೆರೆಯುತ್ತದೆ. ಆದರೆ ಗಮನಿಸಬೇಕಾದ ಸಂಗತಿಯೇನೆಂದರೆ, ಹಣವನ್ನು ಕೂಡಿಸಿಕೊಂಡವನು ಕೊನೆಗೆ ಮಾಡಿದ್ದೂ ಇದನ್ನೇ. ಅದೇ ಸ್ಥಾನ, ಅದೇ ಬೈಟು, ಅದೇ ಲೆಕ್ಕ. ಕಡತವನ್ನಷ್ಟೇ ನೋಡಿದವನು ಇದು ಚಿಕಿತ್ಸೆಯೋ ಕೃತ್ರಿಮವೋ ಎಂದು ಹೇಳಲಾರನು.

ಏಕೆಂದರೆ ಮೊತ್ತವು ಹೇಳುವುದು ಇಷ್ಟೇ: ಒಳಗಿನ ಅಂಕಿಗಳು ಒಂದಕ್ಕೊಂದು ಒಪ್ಪಿವೆ. ಅವು ನಿಜವೆಂದು ಅದು ಎಂದೂ ಹೇಳಲಿಲ್ಲ. ಎರಡು ಬೈಟುಗಳನ್ನು ಅದಲುಬದಲು ಮಾಡಿದರೆ ಮೊತ್ತಕ್ಕೆ ಅದರ ಸುಳಿವೇ ಇಲ್ಲ. ಒಂದರಲ್ಲಿ ಐದನ್ನು ಕಳೆದು ಮತ್ತೊಂದರಲ್ಲಿ ಐದನ್ನು ಸೇರಿಸಿದರೂ ಅದು ತೃಪ್ತಿಯಿಂದ ತಲೆದೂಗುತ್ತದೆ. ಲೆಕ್ಕ ಸರಿಯಾಗಿದ್ದೂ ಸುಳ್ಳಾಗಿರಬಹುದು. ಲೆಕ್ಕ ತಪ್ಪಿದ್ದೂ ಬಹುಪಾಲು ನಿಜವಾಗಿರಬಹುದು. ಇದನ್ನು ಬಲ್ಲ ಸಜ್ಜನರು ತಮಗೊಂದು ನಿಯಮವನ್ನು ಇಟ್ಟುಕೊಂಡಿದ್ದಾರೆ. ಮೂಲದ ಪ್ರತಿಯನ್ನು ಎಂದಿಗೂ ಮುಟ್ಟುವುದಿಲ್ಲ. ಅದನ್ನು ಹಾಗೆಯೇ ಒಂದೆಡೆ ಕಾದಿಟ್ಟು, ತಮ್ಮ ಕೈಚಳಕವನ್ನೆಲ್ಲ ನಕಲಿನ ಮೇಲೆ ತೋರಿಸುತ್ತಾರೆ. ಏನನ್ನು ತಿದ್ದಿದೆವೆಂಬುದನ್ನು ಬೇರೆ ಬರೆದಿಡುತ್ತಾರೆ.

ಅವನೂ ಹಾಗೆಯೇ ಮಾಡುತ್ತಾನೆ. ಹಳೆಯ ಬ್ಯಾಟರಿಯನ್ನು ಬಿಡಿಸಿ, ಹೊಸದನ್ನು ಬೆಸೆದು, ಮೂಲದ ೩೨,೭೬೮ ಬೈಟುಗಳನ್ನು ಒಂದೂ ಬದಲಿಲ್ಲದೆ ಪೆಟ್ಟಿಗೆಗೆ ಮರಳಿ ತುಂಬುತ್ತಾನೆ. ೯,೯೯,೯೯೯ರ ಪ್ರತಿಯು ಗಣಕದಲ್ಲಿಯೇ ಎಲ್ಲಿಯೋ ಉಳಿಯುತ್ತದೆ. ಪೆಟ್ಟಿಗೆಯ ಹುಡುಗನ ಕೈಯಲ್ಲಿ ೩೦೦೦ ಮಾತ್ರ. ಅದು ಅವನು ಗಳಿಸಿದ್ದು. ಯಂತ್ರವು ಕೇಳುವುದು ತಾಳೆಯೊಂದನ್ನೇ. ನಿಜವನ್ನು ಕೇಳುವ ಕೆಲಸವು ಹಳೆಯ ಕಡತದ ಕಾಲದಲ್ಲಿ ಹೇಗೋ ಹಾಗೆಯೇ ಇಂದಿಗೂ ಬಳಪವನ್ನು ಹಿಡಿದವನದೇ ಆಗಿದೆ.