ಅಜ್ಜನ ಕೋವಿ, ದೊಡ್ಡಪ್ಪನ ಭುಜ

ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆ ತೋಟದ ಮನೆಗಳಲ್ಲಿ ಇರೋದು ರಿವಾಲ್ವರ್ ಅಲ್ಲ, ಉದ್ದ ನಳಿಗೆಯ ಕೋವಿ. ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮಗೆ ಬೆಳೆ ರಕ್ಷಣೆಯ ಲೈಸೆನ್ಸ್ ಬೇಕು, ಚುನಾವಣೆ ಬಂದ್ರೆ ಕೋವಿ ಠಾಣೆಗೆ ಹೋಗ್ಬೇಕು.

ಅಜ್ಜ ಹೋದ ಮೇಲೆ ನಮ್ಮನೆಯ 12 ಬೋರಿನ ಕೋವಿ ದೊಡ್ಡಪ್ಪನ ಹೆಸರಿಗೆ ಬಂತು. ಅಜ್ಜ ಆರಡಿ ಆಳು, ದೊಡ್ಡಪ್ಪ ಗಿಡ್ಡ. ಮರದ ಹಿಡಿಯ ಬುಡವನ್ನು ಮೊಣಕೈ ಮಡಿಕೆಗೆ ಒತ್ತಿಟ್ಟರೆ ಬೆರಳು ಟ್ರಿಗರ್‌ಗೆ ಸಲೀಸಾಗಿ ಸಿಗಬೇಕು, ಅದು ಹಳಬರ ಅಳತೆ. ದೊಡ್ಡಪ್ಪನ ಬೆರಳು ಒಂದಿಂಚು ಹಿಂದೆಯೇ ನಿಲ್ಲೋದು. ಬುಡ ಭುಜದ ಗುಳಿಯಲ್ಲಿ ಕೂರದೆ ತೋಳಿಗೆ ಒದೀತಿತ್ತು. ಹಂದಿ ಓಡಿಸೋಕೆ ಗಾಳಿಗೆ ಒಂದು ಈಡು ಹೊಡೆದರೂ ಮರುದಿನ ತೋಳು ನೀಲಿ, ದೋಟಿ ಹಿಡಿದು ಅಡಿಕೆ ಕೊಯ್ಯೋಕಾಗ್ತಿರಲಿಲ್ಲ.

ರಬ್ಬರ್ ಪ್ಯಾಡ್ ಹಾಕಿದರೆ ಮೊಮೆಂಟಮ್ ಅಷ್ಟೇ ಇರುತ್ತೆ, ಭುಜಕ್ಕೆ ತಲುಪೋ ಸಮಯ ಹೆಚ್ಚುತ್ತೆ, ಒದೆತ ಮೆತ್ತಗಾಗುತ್ತೆ. (ಫಿಸಿಕ್ಸ್ ಅಂತೂ ಉಪಯೋಗಕ್ಕೆ ಬಂತು!) ಆದ್ರೆ ಪ್ಯಾಡ್ ಸೇರಿದ್ರೆ ಹಿಡಿ ಇನ್ನೂ ಉದ್ದ. ಹಾಗಾಗಿ ಲೈಸೆನ್ಸ್ ಇರೋ ರಿಪೇರಿಯವರ ಹತ್ರ ಮರವನ್ನ ಎರಡಿಂಚು ಕೊಯ್ಸಿ, ಒಂದಿಂಚಿನ ಪ್ಯಾಡ್ ಕೂರಿಸಿದ್ವಿ. ಈಗ ದೊಡ್ಡಪ್ಪ ಕೋವಿ ಎತ್ತಿದ್ರೆ ನೇರ ಭುಜಕ್ಕೇ ಬರುತ್ತೆ.

ಕೊಯ್ದ ತುಂಡು ಅಜ್ಜನ ಭುಜ ತಾಗಿ ತಾಗಿ ಕನ್ನಡಿ ಹಾಗೆ ನುಣುಪಾಗಿತ್ತು. ಅಜ್ಜಿ ಅದನ್ನ ಕೇಳಿ ತಗೊಂಡ್ರು. ಎಲ್ಲಿಟ್ಟಿದಾರೆ ಅಂತ ನಾವ್ಯಾರೂ ಕೇಳಿಲ್ಲ.